ಗೇಮಿಂಗ್ ಪಂದ್ಯಾವಳಿ ರೆಫರಿಗೆ ಕೇಳಿ: ಬ್ಯಾನು, ಹ್ಯಾಕು, ಹಳೇ ಪಿಸಿ

ರಾಜಾಜಿನಗರ: ಸಾರ್, ಮಗನಿಗೆ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಪಿಸಿ ಕೊಡಿಸಿದ್ವಿ. ಮೊದಲ ದಿನವೇ ವ್ಯಾಲೊರಂಟ್ ಗೇಮ್ ತೆರೆದ್ರೆ ‘ವ್ಯಾನ್ 152’ ಅಂತ ಬಂತು. ಏನೂ ಮಾಡಿಲ್ಲ ಅಂತ ಅಳ್ತಾನೆ. ನಂಬಲಾ?

ರೆಫರಿ: ಮೊದಲ ದಿನವೇ ಅಂದ್ರೆ ನಂಬಿ ಮೇಡಂ. 152 ಅಂದ್ರೆ ಬ್ಯಾನ್ ಬಿದ್ದಿರೋದು ಯಂತ್ರಕ್ಕೆ. ಮುಂಚೆ ಆ ಪಿಸಿ ಇಟ್ಕೊಂಡಿದ್ದವನು ತಾನೇ ಗುರಿ ಹಿಡಿಯೋ ಏಮ್‌ಬಾಟೋ, ಗೋಡೆ ಆಚೆ ಇರೋರನ್ನ ತೋರಿಸೋ ವಾಲ್‌ಹ್ಯಾಕೋ ಹಾಕಿ ಸಿಕ್ಕಿಬಿದ್ದಿರಬೇಕು. ಈ ಆಟದ ಕಾವಲು ತಂತ್ರಾಂಶ ವ್ಯಾನ್‌ಗಾರ್ಡ್, ಪಿಸಿ ಆನ್ ಆಗೋವಾಗ್ಲೇ ವಿಂಡೋಸಿನ ತಳದಲ್ಲಿ ಹೋಗಿ ಕೂರುತ್ತೆ, ಹಾರ್ಡ್‌ವೇರ್ ಗುರುತು ಹಿಡಿಯುತ್ತೆ. ಹೊಸ ಅಕೌಂಟ್ ಮಾಡಿದ್ರೂ ವಿಂಡೋಸ್ ಮತ್ತೆ ಹಾಕಿದ್ರೂ ಅದೇ ಹಾಡು. ಹುಡುಗನ ಅಕೌಂಟನ್ನ ಆ ಪಿಸಿಯಲ್ಲಿ ಇನ್ನು ತೆರೀಬೇಡಿ, ಅದಕ್ಕೂ ಅಂಟೀತು. ಆಟದ ಕಂಪನಿ ರಯಟ್‌ನ ಸಪೋರ್ಟ್‌ಗೆ ಟಿಕೆಟ್ (ದೂರು) ಹಾಕಿ, ಕೊಂಡ ತಾರೀಖಿನ ಬಿಲ್ ಜೊತೆ. ತೆಗೆದೇ ತೆಗೀತಾರೆ ಅಂತ ನಾನು ಮಾತು ಕೊಡಲ್ಲ. ಅಂಗಡಿಗೂ ಹೋಗಿ ಮದರ್‌ಬೋರ್ಡ್ ಬದಲಾಯಿಸಿ ಅಂತ ಪಟ್ಟು ಹಿಡೀರಿ.

ಯಲಹಂಕ: ಬಿಜಿಎಂಐ ಮೊಬೈಲ್ ಗೇಮ್ ಐಡಿ ಬ್ಯಾನ್ ಆಗಿದೆ ಸಾರ್, ತೆಗೆಸ್ಕೊಡ್ತೀರಾ?

ರೆಫರಿ: ಇಲ್ಲ.

ವಿಜಯನಗರ: (ಫಾರ್ವರ್ಡ್) ಮದರ್‌ಬೋರ್ಡ್ ಸೆಲ್ ಹತ್ತು ನಿಮಿಷ ತೆಗೆದಿಡಿ, ಆಮೇಲೆ ಸ್ಪೂಫರ್ (ಪಿಸಿ ಗುರುತು ಮರೆಮಾಚೋ ಸಾಫ್ಟ್‌ವೇರ್) ರನ್ ಮಾಡಿ, ಆಂಟಿವೈರಸ್ ಆಫ್ ಇರಲಿ. 100% ಬ್ಯಾನ್ ಹೋಗುತ್ತೆ!!

ರೆಫರಿ: ಸೆಲ್ ತೆಗೆದ್ರೆ ಹೋಗೋದು ಗಡಿಯಾರದ ಟೈಮು, ಬೋರ್ಡಿನ ಸೀರಿಯಲ್ ನಂಬರ್ ಅಲ್ಲ. ಇನ್ನು ಸ್ಪೂಫರ್: ಯಾರೋ ಮುಖ ಗೊತ್ತಿಲ್ಲದವನಿಗೆ ಮನೆ ಬೀಗದ ಕೈ ಕೊಟ್ಟು, ನಾಯೀನೂ ಕಟ್ಟಿಹಾಕಿದ ಹಾಗೆ. ಅದೇ ಪಿಸಿಯಲ್ಲಿ ಅಪ್ಪ ನೆಟ್‌ಬ್ಯಾಂಕಿಂಗ್ ಮಾಡ್ತಿರ್ತಾರೆ. ಈ ಮೆಸೇಜ್ ಅಳಿಸ್ತೀರಾ?

ಜಯನಗರ: ವ್ಯಾನ್‌ಗಾರ್ಡ್ ಮಾತ್ರ ಸಾಚಾನಾ? ಅದೂ ವಿಂಡೋಸಿನ ತಳದಲ್ಲಿ, ಕರ್ನಲ್‌ನಲ್ಲೇ ಕೂತಿರುತ್ತೆ. ಗೂಢಚಾರಿಕೆ ಅದು.

ಬನಶಂಕರಿ: ಬೇಡ ಅಂದ್ರೆ ಆಡ್ಬೇಡ ಗುರು. 2018ರಲ್ಲಿ ಶಾಂಘೈ ಟೂರ್ನಿಲಿ ಆಪ್ಟಿಕ್ ಇಂಡಿಯಾ ತಂಡದ ಹುಡುಗ ಏಮ್‌ಬಾಟ್ ಫೈಲಿಗೆ ‘ವರ್ಡ್’ ಅಂತ ಹೆಸರಿಟ್ಟು ಸಿಎಸ್‌ಗೋ ಶೂಟಿಂಗ್ ಗೇಮ್ ಆಡ್ತಿದ್ದ. ತಂಡವೇ ಮುಚ್ಚೋಯ್ತು, ಅವನಿಗೆ 5 ವರ್ಷ ನಿಷೇಧ.

ಜಯನಗರ: ಅವನನ್ನ ಹಿಡಿದಿದ್ದು ಪಕ್ಕ ಬಂದು ನಿಂತ ಮನುಷ್ಯರು! ನಿನ್ನ ಕರ್ನಲ್ ಅಲ್ಲ.

ಬನಶಂಕರಿ: ಮನೇಲಿ ಕೂತು ಆಡೋರ ಪಕ್ಕ ನೀನು ಹೋಗಿ ನಿಂತ್ಕೋತೀಯಾ?

ಮಲ್ಲೇಶ್ವರ: ಒಂದು ಒತ್ತಿಗೆ ಹಲವು ಕ್ಲಿಕ್ ಮಾಡೋ ಮೌಸ್ ಮ್ಯಾಕ್ರೋ ಚೀಟಿಂಗಾ ಸಾರ್?

ಜಯನಗರ: ಏಕವಚನ ಯಾಕೆ ಬರ್ತಿದೆ?

ಬನಶಂಕರಿ: ಶುರು ಮಾಡಿದ್ದು ಯಾರು ಸ್ವಾಮಿ?

ಹೆಬ್ಬಾಳ: ಬಿಜಿಎಂಐ ಬ್ಯಾನ್ ತೆಗೆಸೋಕೆ ಎಷ್ಟಾಗುತ್ತೆ?

ರೆಫರಿ: ಮೇಲೆ ಓದಿ. ದುಡ್ಡು ಕೇಳೋನು ಕಳ್ಳ. ಕಾದಾಡ್ತಿರೋ ಇಬ್ಬರೂ ಬೇರೆ ಕಡೆ ಹೋಗಿ ಕಾದಾಡಿ.

ರಾಜಾಜಿನಗರ: ಸಾರ್, ಬಿಲ್ ಇಲ್ಲ. ಚೀಟೀಲಿ ಬರ್ಕೊಟ್ಟಿದ್ರು.

ರೆಫರಿ: ತಾರೀಖು ಇದೆಯಾ? ಆ ಚೀಟಿ ಫೋಟೋನೇ ಹಾಕಿ. ದುಡ್ಡು ಯುಪಿಐನಲ್ಲಿ ಕೊಟ್ಟಿದ್ರೆ ಅದರ ಸ್ಕ್ರೀನ್‌ಶಾಟೂ.