ಪದಚರ್ಚೆ: ‘ಅನುಗಮನ’ಕ್ಕೆ ಎರಡು ಅರ್ಥ, ‘ಕಂಜೆಕ್ಚರ್’ಗೆ ಯಾವ ಪದ?

ಗೆಳೆಯರೇ,

ಗಣಿತದ ಪುಸ್ತಕಗಳಲ್ಲಿ ಬರುವ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಒಂದು ‘ಅನುಗಮನ’ (ಇಂಡಕ್ಷನ್). ಇನ್ನೊಂದು ‘ಕಂಜೆಕ್ಚರ್’, ಅಂದರೆ ನಿಜ ಅನಿಸಿದರೂ ಇನ್ನೂ ರುಜುವಾತಾಗದ ಮಾತು.

ಅಕ್ಕನ ಮಗಳಿಗೆ ಸಂಖ್ಯಾ ವಿನ್ಯಾಸಗಳ ಪಾಠ ಹೇಳಿಕೊಡುತ್ತಿದ್ದೆ. ವೃತ್ತದ ಅಂಚಿನಲ್ಲಿ ಚುಕ್ಕಿ ಇಡಬೇಕು, ಎಲ್ಲ ಚುಕ್ಕಿಗಳನ್ನೂ ಒಂದಕ್ಕೊಂದು ಗೆರೆ ಎಳೆದು ಸೇರಿಸಬೇಕು, ಒಳಗೆ ಎಷ್ಟು ತುಂಡಾಯಿತು ಅಂತ ಎಣಿಸಬೇಕು. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರು ಚುಕ್ಕಿಯ ಚಿತ್ರ ಬರೆಯುವ ಮೊದಲೇ ಅವಳು 32 ಎಂದು ಬರೆದಳು. ಪಕ್ಕದಲ್ಲಿ ‘ಅನುಗಮನದಿಂದ ಸಾಧಿಸಿದೆ’ (ಅಂದರೆ ರುಜುವಾತು ಮಾಡಿದೆ) ಅಂತಲೂ ಸೇರಿಸಿದಳು.

ಎಣಿಸಿದರೆ ಬಂದಿದ್ದು 30. ಚುಕ್ಕಿಗಳನ್ನು ಸಮ ದೂರದಲ್ಲಿ ಇಟ್ಟಿದ್ದಳು, ಹಾಗಾಗಿ ಮೂರು ಗೆರೆಗಳು ನಟ್ಟನಡುವೆ ಒಂದೇ ಕಡೆ ಕೂಡಿದ್ದವು. ಒಂದು ಚುಕ್ಕಿಯನ್ನು ಸ್ವಲ್ಪ ಸರಿಸಿ ಮತ್ತೆ ಬರೆದಾಗ ಅಲ್ಲಿ ಸಾಸಿವೆಯಷ್ಟು ತ್ರಿಕೋನ ಬಾಯಿ ತೆರೆಯಿತು. 31. “ಚಿಕ್ಕಮ್ಮಾ, ಇನ್ನೊಂದು ಎಲ್ಲೋ ಅಡಗಿದೆ” ಅಂತ ಪ್ರತಿ ತುಂಡಿನ ಮೇಲೂ ಪೆನ್ಸಿಲ್ ತುದಿ ಇಟ್ಟು ಮೂರು ಸಲ ಎಣಿಸಿದಳು. ಎಲ್ಲೂ ಅಡಗಿರಲಿಲ್ಲ. ಒಂದೊಂದು ಗೆರೆಗೂ ಒಂದು ತುಂಡು ಹೆಚ್ಚುತ್ತದೆ, ಎರಡು ಗೆರೆ ಒಂದನ್ನೊಂದು ದಾಟುವ ಕಡೆಯೆಲ್ಲ ಇನ್ನೊಂದು. ಮೊದಲೇ ಇದ್ದ 1, ಗೆರೆಗಳು 15, ದಾಟುವ ಜಾಗಗಳು 15. ಒಟ್ಟು 31. (ಹತ್ತು ಚುಕ್ಕಿ ಇಟ್ಟರೆ 256 ಬರುತ್ತದೆ, ಮತ್ತೆ ಎರಡರ ಘಾತ! ನನಗೆ ಇದು ತುಂಬಾ ಇಷ್ಟ.)

ಈಗ ಪದದ ವಿಷಯ. ಕೆಲವು ಉದಾಹರಣೆ ನೋಡಿ ‘ಹೀಗೇ ಇರಬೇಕು’ ಅನ್ನುವುದನ್ನು ನಾವು ‘ಅನುಗಮನ ತರ್ಕ’ ಅನ್ನುತ್ತೇವೆ. ಅದು ಏನನ್ನೂ ಸಾಧಿಸುವುದಿಲ್ಲ. ‘ಗಣಿತೀಯ ಅನುಗಮನ’ ಬೇರೆಯೇ ವಿಧಾನ. ಮೊದಲ ಮೆಟ್ಟಿಲು ಗಟ್ಟಿ ಇದೆ, ಯಾವ ಮೆಟ್ಟಿಲಿನ ಮೇಲಿದ್ದರೂ ಮುಂದಿನದಕ್ಕೆ ಕಾಲಿಡಬಹುದು ಎಂದು ತೋರಿಸಿದರೆ ಎಲ್ಲ ಮೆಟ್ಟಿಲೂ ಸಿಕ್ಕ ಹಾಗೆ. ಇದು ಪೂರ್ತಿ ಸಾಧನೆ. ಒಂದು ಬರೀ ನಂಬಿಕೆ ಹುಟ್ಟಿಸುತ್ತದೆ, ಇನ್ನೊಂದು ಅನುಮಾನಕ್ಕೆ ಜಾಗವನ್ನೇ ಬಿಡುವುದಿಲ್ಲ. ಎರಡಕ್ಕೂ ಒಂದೇ ಹೆಸರು ಕೊಟ್ಟು, ಮಗು ಗೊಂದಲ ಮಾಡಿಕೊಂಡಿತು ಅಂದರೆ ಹೇಗೆ? ಇಂಗ್ಲಿಷಿನಲ್ಲೂ ಈ ತೊಡಕು ಇದೆ, ನಿಜ. ಅದನ್ನು ನಾವು ಹಾಗೇ ಎತ್ತಿಕೊಂಡು ಬರಬೇಕಿರಲಿಲ್ಲ.

ಉದಾಹರಣೆ ನಂಬಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. 3, 5, 17, 257, 65537 ಈ ಐದೂ ಅವಿಭಾಜ್ಯ ಸಂಖ್ಯೆಗಳು. ಒಂದರಿಂದ 1 ಕಳೆದು, ವರ್ಗ ಮಾಡಿ, ಮತ್ತೆ 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಇದೇ ಸಾಲಿನಲ್ಲಿ ಮುಂದೆ ಬರುವವೆಲ್ಲ ಅವಿಭಾಜ್ಯವೇ ಎಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆರನೆಯದಾದ 4294967297 ಅನ್ನು 641 ಭಾಗಿಸುತ್ತದೆ ಎಂದು ತೋರಿಸಿದರು.

ಫರ್ಮಾ ಹೇಳಿದ್ದನ್ನು ಕನ್ನಡದಲ್ಲಿ ಏನನ್ನಬೇಕು? ಅದೇ ನನ್ನ ಎರಡನೇ ಪ್ರಶ್ನೆ, ‘ಕಂಜೆಕ್ಚರ್’. ‘ಅನುಮಾನ’ ತರ್ಕಶಾಸ್ತ್ರದ ಹಳೆಯ ಪದ. ಹೊಗೆ ಕಂಡು ಬೆಂಕಿ ಇದೆ ಅನ್ನುವುದು ಅನುಮಾನ. ಆದರೆ ಇವತ್ತು ‘ಅವನ ಮೇಲೆ ಅನುಮಾನ’ ಅಂದರೆ ಸಂಶಯ. ಮೇಲೆ ನಾನೇ ಆ ಅರ್ಥದಲ್ಲಿ ಬಳಸಿದ್ದೇನೆ. ಗಣಿತಜ್ಞ ಗೋಲ್ಡ್‌ಬಾಕ್ ಅವರ ಹೆಸರಿನ ಕಂಜೆಕ್ಚರನ್ನು ‘ಗೋಲ್ಡ್‌ಬಾಕ್ ಅನುಮಾನ’ ಅಂದರೆ ಅವರಿಗೆ ಏನೋ ಸಂಶಯ ಇತ್ತು ಅನಿಸುತ್ತದೆ, ಅಲ್ವಾ? ‘ಅಂದಾಜು’ ಅಳತೆಗೆ ಸರಿ, ಇಲ್ಲಿಗಲ್ಲ. ಉಳಿದದ್ದು ‘ಊಹೆ’.

ನನ್ನ ಒಲವು ಊಹೆಯ ಕಡೆಗೇ. ತೊಂದರೆ ಅಂದರೆ ಅದು ಹಗುರ. ‘ಸುಮ್ನೆ ಊಹೆ ಮಾಡ್ಬೇಡ’ ಅಂತ ಬೈಯುವ ಪದ ಅದು. 2ಕ್ಕಿಂತ ದೊಡ್ಡ ಸಮ ಸಂಖ್ಯೆಗಳೆಲ್ಲ ಎರಡು ಅವಿಭಾಜ್ಯಗಳ ಮೊತ್ತ ಅನ್ನುವ ಗೋಲ್ಡ್‌ಬಾಕ್ ಮಾತು 1742ರದ್ದು. 4ರ ಮುಂದೆ 18 ಸೊನ್ನೆ ಇಟ್ಟಷ್ಟು ದೂರ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಆಗಿದೆ, ಎಲ್ಲೂ ತಪ್ಪಿಲ್ಲ, ಸಾಧನೆಯೂ ಸಿಕ್ಕಿಲ್ಲ. ಅಷ್ಟು ಭಾರದ್ದನ್ನು ಬರೀ ‘ಊಹೆ’ ಹೊರುತ್ತದೆಯೇ? ಪದದ ಮೂಲದಲ್ಲಿ ಆ ಶಕ್ತಿ ಇದೆ. ‘ಊಹಾಪೋಹ’ ನೋಡಿ. ಊಹ ಅಂದರೆ ಯೋಚಿಸಿ ಮುಂದಿಡುವುದು, ಅಪೋಹ ಅಂದರೆ ಹೊಂದದ್ದನ್ನು ಯೋಚಿಸಿ ತಳ್ಳಿಹಾಕುವುದು. 32 ಎಂದು ಬರೆದು, 31 ಎಣಿಸಿ, 32ನ್ನು ಹೊಡೆದುಹಾಕಿದ್ದು ಅಕ್ಷರಶಃ ಊಹಾಪೋಹ. ಆ ಪದ ಈಗ ಗಾಳಿಸುದ್ದಿಯ ಪಾಲಾಗಿರುವುದು ನನಗೆ ನಿಜಕ್ಕೂ ಬೇಸರ.

ನಿಮ್ಮನ್ನು ಕೇಳುವುದು ಇಷ್ಟು. ಊಹೆಯನ್ನೇ ಉಳಿಸಿಕೊಂಡು, ಸಾಧನೆ ಸಿಕ್ಕ ದಿನ ‘ಪ್ರಮೇಯ’ ಅಂದರೆ ಸಾಕೇ? ‘ಅನುಗಮನ’ವನ್ನು ಸಾಧನೆಯ ವಿಧಾನಕ್ಕೆ ಮಾತ್ರ ಬಿಟ್ಟು, ಉದಾಹರಣೆಯಿಂದ ಊಹೆಗೆ ಹೋಗುವುದನ್ನು ‘ಮಾದರಿ ತರ್ಕ’ ಅನ್ನಬಹುದೇ? ಇಲ್ಲಾ ಸಾಧನೆಯ ವಿಧಾನಕ್ಕೇ ‘ಮೆಟ್ಟಿಲು ಸಾಧನೆ’ ಅನ್ನುವಂಥ ಹೊಸ ಹೆಸರು ಬೇಕೇ? ತರಗತಿಯಲ್ಲಿ ಪಾಠ ಮಾಡುವವರು ಬಾಯಿಮಾತಲ್ಲಿ ಏನು ಬಳಸುತ್ತೀರಿ ಅಂತ ತಿಳಿಸಿದರೆ ಜಾಸ್ತಿ ಉಪಯೋಗ.