ನಾನು ತೋರಿಸಿದ ಧ್ರುವ ನಕ್ಷತ್ರ ಎರಡು ಗಂಟೆಯಲ್ಲಿ ಜಾಗ ಬಿಟ್ಟಿತು!

ತಾರಸಿವಾಸಿ:
ಮಗಳಿಗೆ ಧ್ರುವ ನಕ್ಷತ್ರ ತೋರಿಸುತ್ತೇನೆ ಎಂದು ಜಂಬದಿಂದ ತಾರಸಿಗೆ ಕರೆದುಕೊಂಡು ಹೋದೆ. ಫೆಬ್ರವರಿ ರಾತ್ರಿ, ಮೋಡವಿಲ್ಲ. ಫೋನಿನ ದಿಕ್ಸೂಚಿ ನೋಡಿ ಉತ್ತರಕ್ಕೆ ತಿರುಗಿದೆ. ಒಳ್ಳೇ ಎತ್ತರದಲ್ಲಿ ಝಗ್ ಎಂದು ಹೊಳೆಯುವ, ಸ್ವಲ್ಪ ಹಳದಿ ನಕ್ಷತ್ರ. ‘ಅದೇ ನೋಡು’ ಎಂದೆ. ಆಗ ಎಂಟು ಗಂಟೆ, ಅದು ನೀರಿನ ಟ್ಯಾಂಕಿನ ಪೈಪಿಗೆ ನೇರವಾಗಿತ್ತು. ಹತ್ತಕ್ಕೆ ಮತ್ತೆ ಹತ್ತಿ ನೋಡಿದರೆ ಪೈಪಿನಿಂದ ಎಡಕ್ಕೆ ಎಲ್ಲೋ ಹೋಗಿದೆ! ‘ಅಪ್ಪಾ, ಅದು ಅಲ್ಲಾಡಲ್ಲ ಅಂದಿದ್ದೆ ಅಲ್ವಾ?’ ಅಂದಳು. ಏನು ಹೇಳಲಿ? ಫೋನಿನಲ್ಲಿ ನಮ್ಮ ಅಕ್ಷಾಂಶ 15 ಡಿಗ್ರಿ ಎಂದು ತೋರಿಸುತ್ತದೆ, ಬೇಕಾಗಬಹುದು ಎಂದು ಹೇಳಿದೆ.

ಗಡಿಬಿಡಿ:
ಟ್ಯಾಂಕಿನ ಪಕ್ಕ ಕಬ್ಬಿಣ ಇದ್ದರೆ ಫೋನಿನ ದಿಕ್ಸೂಚಿ ಸುಳ್ಳು ಹೇಳುತ್ತದೆ ಸರ್. ಸುಮ್ನೆ ನಕ್ಷತ್ರದ ಆ್ಯಪ್ ಹಾಕಿಕೊಳ್ಳಿ.

ನಿದ್ದೆಗೆಟ್ಟವ:
ಆ್ಯಪ್ ಕೂಡ ಅದೇ ದಿಕ್ಸೂಚಿಯನ್ನೇ ನಂಬುತ್ತದೆ ಮಾರಾಯ್ರೆ.

ತಾರಸಿವಾಸಿಯವರೇ, ನೀವು ನೋಡಿದ್ದು ಬ್ರಹ್ಮಹೃದಯ. ಆ ತಿಂಗಳು, ಆ ಹೊತ್ತು, ಆ ಬಣ್ಣ, ಎಲ್ಲಾ ಅದಕ್ಕೇ ಹೊಂದುತ್ತದೆ. ತಪ್ಪಿನ ಮೂಲ ಬೇರೆ ಕಡೆ ಇದೆ. ಧ್ರುವ ನಕ್ಷತ್ರವೇ ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತದೆ ಎಂದು ಯಾರೋ ನಮಗೆಲ್ಲ ಚಿಕ್ಕವರಿದ್ದಾಗಲೇ ತಲೆಗೆ ತುಂಬಿದ್ದಾರೆ. ಹೊಳಪಿನ ಸಾಲಿನಲ್ಲಿ ಅದು ಐವತ್ತರ ಆಸುಪಾಸು. ಬ್ರಹ್ಮಹೃದಯ ಆರನೆಯದು. ಹೊಳಪು ನೋಡಿ ಹುಡುಕಿದರೆ ಯಾವತ್ತೂ ಸಿಗುವುದಿಲ್ಲ.

ಎತ್ತರ ನೋಡಿ ಹುಡುಕಿ. ನಿಮ್ಮ ಅಕ್ಷಾಂಶ ಎಷ್ಟೋ, ದಿಗಂತದಿಂದ ಅದು ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ. ಉತ್ತರ ಧ್ರುವದಲ್ಲಿ ನಿಂತರೆ ನೆತ್ತಿಯ ಮೇಲೆ, ಸಮಭಾಜಕದಲ್ಲಿ ನಿಂತರೆ ದಿಗಂತಕ್ಕೆ ಅಂಟಿಕೊಂಡಿರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ನಿಮಗೆ ಬರೀ ಒಂದೂವರೆ ಮುಷ್ಟಿ ಎತ್ತರ. ನೀವು ಕತ್ತು ಎತ್ತಿ ನೋಡಿದ್ದೇ ತಪ್ಪಾಯಿತು.

ಈಗ ಹತ್ತು ಗಂಟೆಗೆ ಹೋಗಿ. ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ, ಹಿಡಿ ಕೆಳಗೆ ಮಾಡಿ ನಿಲ್ಲಿಸಿದ ಸೌಟಿನ ಹಾಗೆ. ಸೌಟಿನ ಬಟ್ಟಲಲ್ಲಿ ಹಿಡಿಯಿಂದ ದೂರ ಇರುವ ಎರಡು ನಕ್ಷತ್ರ ಪುಲಹ, ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದೇ ದಾರಿಯಲ್ಲಿ ಅವುಗಳ ನಡುವಿನ ಅಂತರದ ಐದು ಪಟ್ಟು ಮುಂದೆ ಹೋಗಿ. ನಿಮಗೆ ಆ ಗೆರೆ ಎಡಕ್ಕೆ, ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಒಂಟಿಯಾಗಿ, ಮಂಕಾಗಿ ಕೂತಿರುವುದೇ ಧ್ರುವ. ಎದುರಿಗೆ ಕಟ್ಟಡ ಇದ್ದರೆ ಮಾತ್ರ ಕೆಲಸ ಕೆಟ್ಟಿತು.

ಮಗಳನ್ನು ಒಪ್ಪಿಸಬೇಕಾ? ಒಂದು ಕುರ್ಚಿ ಹಾಕಿ, ತಲೆ ಗೋಡೆಗೆ ಒರಗಿಸಿ, ನಕ್ಷತ್ರ ಕಂಬದ ಅಂಚಿಗೆ ತಾಗುವ ಹಾಗೆ ಕೂರಿಸಿ. ಕುರ್ಚಿಯ ಕಾಲಿಗೆ ಸೀಮೆಸುಣ್ಣದ ಗುರುತು ಹಾಕಿ. ಒಂದು ಗಂಟೆ ಬಿಟ್ಟು ಅದೇ ಗುರುತಿನಲ್ಲಿ ಕೂತು ನೋಡಲಿ.

ತಾರಸಿವಾಸಿ:
ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಭೂಮಿ ತಿರುಗುವ ಅಕ್ಷ ಅದರ ಕಡೆಗೇ ಇದೆ, ಅದಕ್ಕೆ ಅಲ್ಲಾಡುವುದಿಲ್ಲ, ಸರಿ. ಆದರೆ ಭೂಮಿ ಸೂರ್ಯನನ್ನೂ ಸುತ್ತುತ್ತದಲ್ಲ? ಆರು ತಿಂಗಳಿಗೆ ನಾವೇ 30 ಕೋಟಿ ಕಿಲೋಮೀಟರ್ ಆಚೆ ಇರುತ್ತೇವೆ. ಆಗಲೂ ಅಲ್ಲೇ ಹೇಗೆ ಕಾಣುತ್ತದೆ?

ನಿದ್ದೆಗೆಟ್ಟವ:
ಒಳ್ಳೆ ಪ್ರಶ್ನೆ. ಆ 30 ಕೋಟಿ ಕಿಲೋಮೀಟರ್ ದಾಟಲು ಬೆಳಕಿಗೆ ಹದಿನೇಳು ನಿಮಿಷ ಸಾಕು. ಧ್ರುವದಿಂದ ಇಲ್ಲಿಗೆ ಬರಲು 400 ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ದೂರದ್ದಕ್ಕೆ ನಾವು ಇತ್ತ ನಿಂತರೇನು, ಅತ್ತ ನಿಂತರೇನು!

ಇನ್ನೊಂದು ಮಾತು, ಪೂರ್ತಿ ನಿಂತಲ್ಲೇ ನಿಂತಿರುವುದೂ ಇಲ್ಲ ಅದು. ಒಮ್ಮೆ ಜೂಮ್ ಲೆನ್ಸ್ ಹಾಕಿ ಎರಡು ಗಂಟೆ ಕ್ಯಾಮೆರಾ ತೆರೆದಿಟ್ಟೆ. ಧ್ರುವ ಚುಕ್ಕಿಯಾಗಿ ಬರಬೇಕಿತ್ತು, ಉಗುರಿನ ತುದಿಯಂಥ ಕೊಂಕು ಗೆರೆ ಬಂತು. ಸ್ಟ್ಯಾಂಡ್ ಜಾರಿದೆ ಎಂದು ಅದಕ್ಕೆ ಬೈದೆ. ಆಮೇಲೆ ನೋಡಿದರೆ ಸುತ್ತಲಿನ ನಕ್ಷತ್ರಗಳ ಗೆರೆಗಳೆಲ್ಲ ನೀಟಾಗಿವೆ. ಧ್ರುವ ಆಕಾಶದ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ. ಹಾಗಾಗಿ ಅದೂ ದಿನಕ್ಕೊಂದು ಪುಟ್ಟ ಸುತ್ತು ಹಾಕುತ್ತದೆ. 2100ರ ಹೊತ್ತಿಗೆ ಇನ್ನೂ ಹತ್ತಿರ ಬಂದು, ಮತ್ತೆ ದೂರ ಹೋಗುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಓಲಾಡುವುದೇ ಕಾರಣ. ಇನ್ನು ಹನ್ನೆರಡು ಸಾವಿರ ವರ್ಷಕ್ಕೆ ಆ ಜಾಗದ ಹತ್ತಿರ ಅಭಿಜಿತ್ ಬಂದಿರುತ್ತದೆ. ಅದಾದರೆ ನಿಜಕ್ಕೂ ಝಗ್ ಎನ್ನುವ ನಕ್ಷತ್ರ.

ತಾರಸಿವಾಸಿ:
ನಿನ್ನೆ ಸಿಕ್ಕಿತು! ಕುರ್ಚಿ, ಸೀಮೆಸುಣ್ಣ ಎಲ್ಲಾ ಆಯಿತು. ಹತ್ತಕ್ಕೂ ಹನ್ನೊಂದಕ್ಕೂ ಕಂಬದ ಅಂಚಲ್ಲೇ ಇತ್ತು. ಮಗಳು ಮಾತ್ರ ‘ಇಷ್ಟೇ ಇಷ್ಟಾ?’ ಎಂದು ಮುಖ ಸಣ್ಣ ಮಾಡಿಕೊಂಡಳು.

ನಿದ್ದೆಗೆಟ್ಟವ:
ಅದು ಸೂರ್ಯನಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬೆಳಕು ಚೆಲ್ಲುತ್ತದೆ ಎಂದು ಹೇಳಿ ಅವಳಿಗೆ.