10 ಎಂಎಂ 1870ರ ಸೈನಿಕರು: ಕ್ವಾಲಿಟಿ ಕಮ್ಮಿಯಾ ಅಥವಾ ನಮ್ಮ ಮಳೆಗಾಲದ ಪ್ರಾಬ್ಲಮ್ಮಾ?

ಸುರತ್ಕಲ್1870
ನಮಸ್ಕಾರ ಎಲ್ಲರಿಗೂ. 1870ರ ಫ್ರಾಂಕೋ-ಪ್ರಷ್ಯನ್ ಯುದ್ಧವನ್ನು (ಫ್ರೆಂಚರು ಒಂದು ಕಡೆ, ಪ್ರಷ್ಯ ಮತ್ತು ಅದರ ಜೊತೆಯ ಜರ್ಮನರು ಇನ್ನೊಂದು ಕಡೆ) ಟೇಬಲ್ ಮೇಲೆ ಆಡ್ಲಿಕ್ಕೆ ಅಂತ ಸುಮಾರು 10 ಎಂಎಂ ಎತ್ತರದ ಮೆಟಲ್ ಸೈನಿಕರ ಗೊಂಬೆ, ಅಂದ್ರೆ ಫಿಗರ್ಸ್, ಹೊರಗಿಂದ ತರಿಸಿದೆ, ಕಸ್ಟಮ್ಸ್ ಎಲ್ಲ ಸೇರಿ ಒಳ್ಳೆ ರೇಟೇ ಬಿತ್ತು. ಪ್ಯಾಕೆಟ್ ಒಡ್ದು ಮೊಬೈಲಲ್ಲಿ ಝೂಮ್ ಮಾಡಿ ಫೋಟೋ ತೆಗ್ದು ನೋಡಿದ್ರೆ ಬೇಜಾರಾಯ್ತು. ಮುಖದಲ್ಲಿ ಮೂಗು ಬಿಟ್ರೆ ಬೇರೆಂತ ಇಲ್ಲ, ಕೋವಿ ಒನಕೆಯಷ್ಟು ದಪ್ಪ, ತಲೆ ಮೈಗಿಂತ ದೊಡ್ಡದು ಅನ್ನಿಸ್ತದೆ, ಸೈಡಲ್ಲಿ ಗೆರೆ, ಕೆಲವರ ಬಯೊನೆಟ್ (ಕೋವಿ ತುದಿಯ ಚೂರಿ) ಬಗ್ಗಿದೆ, ಸಂದಿಯಲ್ಲೆಲ್ಲ ಬಿಳಿ ಪುಡಿ. ಸ್ವಲ್ಪ ಫಿಗರ್‌ಗೆ ನಿನ್ನೆ ಮಳೆ ಬಿಟ್ಟಾಗ ಟೆರೇಸಲ್ಲಿ ಪ್ರೈಮರ್ (ಪೇಂಟಿಗೆ ಮೊದ್ಲಿನ ಅಡಿ ಕೋಟ್) ಸ್ಪ್ರೇ ಹೊಡ್ದಿದ್ದೆ, ಇವತ್ತು ಮುಟ್ಟಿದ್ರೆ ಹೊಯ್ಗೆ ಹೊಯ್ಗೆ (ಮರಳಿನ ಹಾಗೆ) ಆಗಿದೆ. ಇದು ಲೆಡ್ ರಾಟ್, ಅಂದ್ರೆ ಸೀಸ ಹಾಳಾಗಿ ಬಿಳಿ ಪುಡಿಯಾಗುದು ಅಂತಾರಲ್ಲ, ಅದಾ? ಪೂರಾ ವಾಪಸ್ ಕಳಿಸುವುದಾ?

ಕದ್ರಿ ಪೇಂಟ್‌ಬಾಕ್ಸ್
ವಾಪಸ್ ಕಳಿಸ್ಬೇಡಿ ಮಾರಾಯ್ರೆ, ಸ್ವಲ್ಪ ನಿಲ್ಲಿ. ನೀವು ಹೇಳಿದ್ರಲ್ಲಿ ಬೇರೆ ಬೇರೆ ವಿಷಯ ಒಟ್ಟಿಗೆ ಸೇರಿಕೊಂಡಿದೆ. ಕೆಲವು ಕಾಸ್ಟಿಂಗಿನ (ಎರಕದ) ದೋಷ ಇರಬಹುದು, ಕೆಲವು ಮಾಡಿದವರು ಬೇಕಂತ್ಲೇ ಮಾಡಿದ್ದು, ಹೊಯ್ಗೆ ಆದದ್ದು ನಮ್ಮೂರಿನ ಹವೆಯಿಂದ.

ಮೊದ್ಲು ಆ ಝೂಮ್ ಫೋಟೋ ಬಿಡಿ. 10 ಎಂಎಂ ಅಂದ್ರೆ ಹೆಚ್ಚುಕಮ್ಮಿ 1/160 ಅಳತೆ. ಫ್ರೆಂಚರ ಶಾಸ್ಪೋ ಕೋವಿ ಉದ್ದ ಸುಮಾರು 1.3 ಮೀಟರ್, ಅದು ಇಲ್ಲಿ 8 ಮಿಮೀ ಆಗ್ತದೆ, ಸರಿ. ಆದ್ರೆ ನಳಿಗೆ 2 ಸೆಂಟಿಮೀಟರ್ ದಪ್ಪ ಅಂತ ಇಟ್ಕೊಂಡ್ರೂ 160ರಿಂದ ಭಾಗಿಸಿದ್ರೆ 0.12 ಮಿಮೀ ಬರ್ತದೆ. ಅಷ್ಟು ಸಪೂರ ಮಾಡಿದ್ರೆ ರಬ್ಬರ್ ಅಚ್ಚಿನೊಳಗೆ ಮೆಟಲ್ ಕಡೆವರೆಗೆ ಹರಿಯುದೇ ಇಲ್ಲ, ಹರಿದ್ರೂ ಕೈ ತಾಗಿದ ಕೂಡ್ಲೆ ಮುರೀತದೆ, ಹಾಗಾಗಿ ಕೋವಿ ದಪ್ಪ, ಕೈ ದೊಡ್ಡದು, ತಲೆ ದೊಡ್ಡದು, ಬೆಲ್ಟು ಮೈಯಿಂದ ಎದ್ದು ಕಾಣುವ ಹಾಗೆ, ಕೋಟಿನ ನೆರಿಗೆ ಆಳಕ್ಕೆ, ಇದೆಲ್ಲ ಲೆಕ್ಕ ಹಾಕಿಯೇ ಮಾಡುವುದು. ಕಣ್ಣಿಗೆ ಗುಂಡಿ ಇದ್ರೆ ಸಾಕು, ವಾಶ್ (ನೀರು ನೀರಾದ ಬಣ್ಣ) ಹಾಕಿದಾಗ ಅಲ್ಲಿ ನೆರಳು ನಿಲ್ತದೆ. 28 ಎಂಎಂ ಫಿಗರ್ ನೋಡಿ ರೂಢಿ ಆದವರಿಗೆ ಇದು ಒರಟು ಕಾಣ್ತದೆ, ಆದ್ರೆ ಈ ಸೈಜಲ್ಲಿ ನಾವು ಒಬ್ಬ ಸೈನಿಕನನ್ನು ನೋಡುದಲ್ಲ, ಒಂದು ಬೇಸಲ್ಲಿ (ಅಡಿಯ ಹಲಗೆಯಲ್ಲಿ) ಸಾಲಾಗಿ ನಿಂತ ಇಡೀ ಗುಂಪನ್ನು ನೋಡುದು, ಅದೂ ಎರಡು ಮೂರು ಅಡಿ ದೂರದಿಂದ.

ನಿಜವಾದ ದೋಷ ಬೇರೆ ಉಂಟು, ಅದನ್ನು ಹುಡುಕ್ಲಿಕ್ಕೆ ಉಗುರು ಸಾಕು. ಸೈಡಿನ ಗೆರೆ ಮೇಲೆ ಉಗುರು ಎಳೀರಿ. ಸಣ್ಣ ಏಣು ಸಿಕ್ಕಿದ್ರೆ ಅದು ಅಚ್ಚಿನ ಎರಡು ಭಾಗ ಕೂಡುವ ಜಾಗ, ಎಲ್ಲ ಕಂಪನಿದ್ರಲ್ಲೂ ಇರ್ತದೆ, ಬ್ಲೇಡಿನ ಬೆನ್ನಲ್ಲಿ ಕೆರೆದ್ರೆ ಹೋಯ್ತು. ಮೆಟ್ಟಿಲು ಸಿಕ್ಕಿದ್ರೆ, ಅಂದ್ರೆ ಮುಂದಿನ ಅರ್ಧ ಒಂದು ಕಡೆ ಹಿಂದಿನ ಅರ್ಧ ಇನ್ನೊಂದು ಕಡೆ ಜಾರಿದ್ರೆ, ಎರಕ ಹೊಯ್ಯುವಾಗ ಅಚ್ಚು ಸರಿದಿದೆ ಅಂತ ಅರ್ಥ. ಅದನ್ನು ಕೆರೆದು ಸರಿ ಮಾಡ್ಲಿಕ್ಕೆ ಆಗುದಿಲ್ಲ, ಬದಲಿ ಕೇಳುದೇ ಸರಿ. ಬಯೊನೆಟ್ ತುದಿ ಉರುಟಾಗಿ ಅರ್ಧಕ್ಕೇ ನಿಂತಿದ್ರೆ ಮೆಟಲ್ ತುಂಬಲಿಲ್ಲ, ಅದೂ ದೋಷವೇ. ಬರೀ ಬಗ್ಗಿದ್ರೆ ದೋಷ ಅಲ್ಲ, ಬೆರಳಲ್ಲಿ ಹಿಡ್ದು ನಿಧಾನಕ್ಕೆ ಒಂದೇ ಸಲಕ್ಕೆ ನೆಟ್ಟಗೆ ಮಾಡಿ, ಆಚೆ ಈಚೆ ಆಡಿಸ್ಬೇಡಿ, ಕಟ್ ಆಗ್ತದೆ.

ಇನ್ನೊಂದು, ಒಂದೇ ಪೋಸಿನ ನಾಲ್ಕೈದು ಜನರನ್ನು ಅಕ್ಕಪಕ್ಕ ಇಡಿ. ಒಬ್ಬನ ಬ್ಯಾಗಿನ ಪಟ್ಟಿ ಚೊಕ್ಕ ಕಂಡು ಇನ್ನೊಬ್ಬಂದು ಕರಗಿದ ಹಾಗೆ ಇದ್ರೆ ಅಚ್ಚು ಸವೆದಿದೆ. ಎಲ್ಲರದ್ದೂ ಒಂದೇ ಥರ ಮಸುಕಾದ್ರೆ ಮೂಲ ಶಿಲ್ಪವೇ ಅಷ್ಟು.

ಬಿಳಿ ಪುಡಿ ಹೊಸ ಫಿಗರಲ್ಲಿ ಜಾಸ್ತಿ ಪಾಲು ಟಾಲ್ಕ್. ಮೆಟಲ್ ಅಂಟಬಾರ್ದು ಅಂತ ಅಚ್ಚಿಗೆ ಉದುರಿಸುದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೆ ಟೂತ್‌ಬ್ರಷಲ್ಲಿ ಉಜ್ಜಿ ಒಣಗಿಸಿ, ವಾಪಸ್ ಬಾರದಿದ್ರೆ ಚಿಂತೆ ಇಲ್ಲ. ಲೆಡ್ ರಾಟ್ ಆದ್ರೆ ತೊಳೆದ ಮೇಲೂ ಪುನಃ ಬರ್ತದೆ, ಅಡಿಯಲ್ಲಿ ಮೆಟಲ್ ತಿಂದು ಹೊಂಡ ಬಿದ್ದಿರ್ತದೆ.

ಪ್ರೈಮರ್ ಹೊಯ್ಗೆ ಆದದ್ದಕ್ಕೆ ಫಿಗರನ್ನು ದೂರಬೇಡಿ. ಮಳೆ ಬಿಟ್ಟ ತಕ್ಷಣ ಇಲ್ಲಿ ಗಾಳಿಯಲ್ಲಿ ಎಷ್ಟು ನೀರಿರ್ತದೆ ಅಂತ ಒಗೆದ ಬಟ್ಟೆ ಒಣಗಿಸುವವರಿಗೆಲ್ಲ ಗೊತ್ತು. ಅದರ ಮೇಲೆ ಕ್ಯಾನ್ ದೂರ ಹಿಡ್ದಿದ್ರೆ ಪೇಂಟಿನ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂರ್ತದೆ. ನಿಮ್ಮದು ಮೆಟಲ್ ಆದ್ದರಿಂದ ಅಸಿಟೋನಲ್ಲಿ ತೆಗೀಬಹುದು, ಪ್ಲಾಸ್ಟಿಕ್ ಬೇಸಿಗೆ ಅಂಟಿಸಿದ್ರೆ ಬೇಡ, ಬೇಸ್ ಕರಗ್ತದೆ. ಕಿಟಕಿ ತೆಗೆದಿಟ್ಟು ಮಾಡಿ, ಸ್ಟವ್ ಹತ್ರ ಬೇಡವೇ ಬೇಡ. ಸೆಪ್ಟೆಂಬರ್ ತನಕ ಸ್ಪ್ರೇ ಬದಿಗಿಟ್ಟು ಬ್ರಷಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ, ತೆಳ್ಳಗೆ.

ಮಣಿಪಾಲ ಸಣ್ಣ ಸೇನೆ
ಅಣ್ಣ ಹೇಳಿದ್ದು ಸರಿ, ನಂದೊಂದು ಸೇರಿಸ್ತೇನೆ. ಫಿಗರ್ ಚೊಕ್ಕ ಇದ್ದ ಮಾತ್ರಕ್ಕೆ ಒಳ್ಳೇದು ಅಂತ ನಾನು ಒಪ್ಪುದಿಲ್ಲ, ಆ ಕಾಲದ ಡ್ರೆಸ್ ಸರಿ ಇರ್ಬೇಕು. ಪ್ರಷ್ಯನ್ ಕಾಲಾಳಿನ ಪಿಕೆಲ್‌ಹೌಬ ಹೆಲ್ಮೆಟ್ ಮೇಲೆ ಚೂಪು ಮೊಳೆ ಇರ್ತದೆ, ಫಿರಂಗಿಯವರದ್ದಕ್ಕೆ ಮೊಳೆ ಅಲ್ಲ, ಉರುಟು ಗುಂಡು. ಯೇಗರ್‌ಗಳಿಗೆ (ಹಗುರ ಕಾಲಾಳುಗಳು) ಶಾಕೋ, ಅಂದ್ರೆ ಕೊಳವೆ ಥರದ ಗಟ್ಟಿ ಟೋಪಿ. ಪ್ರಷ್ಯದ ಒಟ್ಟಿಗೆ ಇದ್ದ ಬವೇರಿಯದವರದ್ದು ಇನ್ನೂ ಬೇರೆ, ಹೆಲ್ಮೆಟ್ ಮೇಲೆ ಹಿಂದಿಂದ ಮುಂದಕ್ಕೆ ರೋಮದ ದಪ್ಪ ಜುಟ್ಟು, ಕೋಟು ತಿಳಿ ನೀಲಿ. ಫ್ರೆಂಚರಿಗೆ ಕೆಪಿ ಟೋಪಿ, ಕೆಂಪು ಪ್ಯಾಂಟು, ಶಾಸ್ಪೋಗೆ ಕತ್ತಿ ಥರದ ಉದ್ದ ಬಯೊನೆಟ್. ಟೇಬಲ್ ಮೇಲೆ ದೂರದಿಂದ ಯಾವ ಸೈನ್ಯ ಅಂತ ಗೊತ್ತಾಗುದು ಈ ಟೋಪಿಯಿಂದಲೇ, ಹಾಗಾಗಿ ನಾನು ಮುಖಕ್ಕಿಂತ ಮೊದ್ಲು ತಲೆ ಮೇಲೆ ಎಂತ ಉಂಟು ಅಂತ ನೋಡ್ತೇನೆ.

ಮತ್ತೆ ಹಳೆ ಫಿಗರಲ್ಲಿ ಸೀಸ ಇರ್ತದೆ. ಒಣಗಿದ್ದನ್ನು ಅರ ಹಾಕಿ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಕೈ ತೊಳೆಯದೆ ಚಾ ಕುಡೀಬೇಡಿ, ಮಕ್ಕಳ ಕೈಗೆ ಕೊಡ್ಲೇಬೇಡಿ. ಇಡುದು ಪ್ಲೈವುಡ್ ಅಥವಾ ಎಂಡಿಎಫ್ ಕಪಾಟಲ್ಲಿ ಬೇಡ, ಮರದಿಂದ ಬರುವ ಆಮ್ಲದ ಆವಿ ಮತ್ತು ತೇವ ಸೇರಿಯೇ ಸೀಸ ಹಾಳಾಗುದು. ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಸಾಕು.

ಸುರತ್ಕಲ್1870
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ತೊಳೆದೆ, ಪುಡಿ ಪೂರಾ ಹೋಯ್ತು, ಹೊಂಡ ಎಂತ ಇಲ್ಲ. ಉಗುರು ಎಳೆದು ನೋಡಿದಾಗ ಹೆಚ್ಚಿನವು ಬರೀ ಏಣು, ಆದ್ರೆ ಮಂಡಿಯೂರಿ ಗುಂಡು ಹೊಡಿಯುವ ಪೋಸಲ್ಲಿ ಮೆಟ್ಟಿಲು ಉಂಟು, ಮೂಗು ಒಂದು ಕಡೆ ಗಡ್ಡ ಇನ್ನೊಂದು ಕಡೆ. ಅಕ್ಕ ಹೇಳಿದ ಮೇಲೆ ಫಿರಂಗಿಯವರನ್ನು ನೋಡಿದ್ರೆ ಪ್ರಷ್ಯನ್ ಗನ್ನರ್ಸ್ ತಲೆ ಮೇಲೆ ಮೊಳೆಯೇ ಉಂಟು! ಅವರನ್ನೆಂತ ಮಾಡುದು?

ಮಣಿಪಾಲ ಸಣ್ಣ ಸೇನೆ
ಮೊಳೆ ಕಟ್ ಮಾಡಿ ಆ ಜಾಗದಲ್ಲಿ ಸೂಜಿ ತುದಿಯಿಂದ ದಪ್ಪ ಪಿವಿಎ (ಫೆವಿಕಾಲ್ ಥರದ) ಅಂಟಿನ ಒಂದು ಹನಿ ಇಡಿ, ಒಣಗಿದ ಮೇಲೆ ಇನ್ನೊಂದು. ಹಿತ್ತಾಳೆ ಬಣ್ಣ ಹಾಕಿದ್ರೆ ಗುಂಡು ಆಯ್ತು. ಬವೇರಿಯನ್ ಗನ್ನರ್ಸ್ ಬಂದಿದ್ರೆ ಅವರಿಗೆ ಮಾಡ್ಬೇಡಿ, ಅವರದ್ದು ಜುಟ್ಟೇ.

ಕದ್ರಿ ಪೇಂಟ್‌ಬಾಕ್ಸ್
ಮಂಡಿಯೂರಿದವರದ್ದು ಅಚ್ಚು ಸರಿದದ್ದೇ. ಪೇಂಟ್ ಹಚ್ಚುವ ಮೊದ್ಲು, ಮೆಟಲ್ ಬರೀ ಇರುವಾಗ್ಲೇ, ಕಿಟಕಿ ಬೆಳಕಲ್ಲಿ ಬದಿಯಿಂದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಪ್ಯಾಕಿನ ಕೋಡ್ ಹಾಕಿ ಮಾರಿದವರಿಗೆ ಮೇಲ್ ಮಾಡಿ, ಆ ಪೋಸ್ ಮಾತ್ರ ಬದಲಿ ಕೇಳಿ, ಮುಖ ಕಾಣುದಿಲ್ಲ ಕೋವಿ ದಪ್ಪ ಅಂತ ಎಲ್ಲ ಅದರಲ್ಲಿ ಬರೀಬೇಡಿ, ಬರೆದ್ರೆ ನಿಜವಾದ ದೋಷದ ಮಾತು ಅಲ್ಲೇ ಕಳೆದುಹೋಗ್ತದೆ. ಉಳಿದವರಲ್ಲಿ ಒಬ್ಬನಿಗೆ ಗ್ರೇ ಪ್ರೈಮರ್ ಬ್ರಷಲ್ಲಿ ಹಚ್ಚಿ ತೆಳು ಕಂದು ವಾಶ್ ಕೊಟ್ಟು, ಒಣಗಿದ ಮೇಲೆ ಬಿಳಿಯಲ್ಲಿ ಡ್ರೈಬ್ರಷ್ (ಬಣ್ಣ ಹೆಚ್ಚುಕಮ್ಮಿ ಒರೆಸಿದ ಬ್ರಷನ್ನು ಎದ್ದ ಭಾಗದ ಮೇಲೆ ಸವರುದು) ಮಾಡಿ. ಪಟ್ಟಿ ಕೋಟಿಂದ ಬೇರೆ, ಕೈ ತೋಳಿಂದ ಬೇರೆ ಅಂತ ಕೈ ಚಾಚಿದಷ್ಟು ದೂರದಿಂದ ಕಂಡ್ರೆ ಆ ಫಿಗರ್ ಒಳ್ಳೇದು, ಉಳಿದವರನ್ನೂ ಧೈರ್ಯವಾಗಿ ಶುರು ಮಾಡಿ. ಆ ಒಬ್ಬನ ಫೋಟೋ ಹಾಕಿ ಇಲ್ಲಿ, ಝೂಮ್ ಮಾಡದೆ.